ಒಂಬತ್ತು ವರ್ಷದ ಸಾಫ್ಟ್‌ವೇರ್ ಕೆಲಸ ಬಿಟ್ಟು ಹಾಸನದಲ್ಲಿ ಕಂಪನಿ ಶುರು ಮಾಡಬೇಕು ಅಂತಿದ್ದೇನೆ. ಮಾಡಿ ನೋಡಿದವರು ಹೇಳಿ

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ನನ್ನೂರು ಸಕಲೇಶಪುರದ ಹತ್ತಿರ. ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೋದವನು, ಒಂಬತ್ತು ವರ್ಷ ಆಯ್ತು. ಮೊದಲು ಟೆಸ್ಟಿಂಗ್, ಆಮೇಲೆ ಜಾವಾ, ಈಗ ಸರ್ವರ್ ಕಡೆಯ ಕೋಡ್ ಬರೆಯುವ ಒಂದು ಬ್ಯಾಕೆಂಡ್ ಟೀಮಿಗೆ ಲೀಡ್. ಸಂಬಳಕ್ಕೆ ತೊಂದರೆ ಇಲ್ಲ. ಆದರೆ ಊರಿಗೆ ಬಂದಾಗಲೆಲ್ಲ ತೋಟದ ಲೆಕ್ಕ ಇನ್ನೂ ಪುಸ್ತಕದಲ್ಲೇ ಇರುವುದು ನೋಡಿ, ಇದನ್ನು ನಾನು ಸರಿಮಾಡಬಹುದಲ್ವಾ ಅನಿಸುತ್ತದೆ.

ಕಾಫಿ ತೋಟಗಳಿಗೆ ಒಂದು ಆಪ್ ಮಾಡುತ್ತಿದ್ದೇನೆ. ಹಾಜರಿ, ಕುಯ್ಲಿನ ತೂಕ, ಕೂಲಿ ಬಟವಾಡೆ, ಗೊಬ್ಬರದ ಲೆಕ್ಕ, ಮಳೆ ಲೆಕ್ಕ ಎಲ್ಲ ಒಂದೇ ಕಡೆ. ಶನಿವಾರ ಭಾನುವಾರ ಕೂತು ಅರ್ಧ ಕೋಡ್ ಬರೆದಾಗಿದೆ. ತೋಟಕ್ಕೆ ತಿಂಗಳಿಗೆ 999 ರೂಪಾಯಿ ಇಟ್ಟರೆ, 200 ತೋಟ ಸಿಕ್ಕಿದರೆ ತಿಂಗಳಿಗೆ ಹತ್ತಿರ ಹತ್ತಿರ 2 ಲಕ್ಷ. ಕೈಯಲ್ಲಿ 14 ಲಕ್ಷ ಉಳಿತಾಯ ಇದೆ. ಸಾಲ ಇಲ್ಲ. ಹೆಂಡತಿ ಟೀಚರ್, ಮಗಳಿಗೆ ಮೂರು ವರ್ಷ. ಕಾಲೇಜಿನ ಗೆಳೆಯನೊಬ್ಬ ಪಾರ್ಟ್ನರ್ ಆಗಲು ಒಪ್ಪಿದ್ದಾನೆ.

ಆಫೀಸು ಹಾಸನದಲ್ಲೋ ಚಿಕ್ಕಮಗಳೂರಲ್ಲೋ? ಈ ದುಡ್ಡು ಎಷ್ಟು ದಿನ ಬರಬಹುದು? ರಾಜೀನಾಮೆ ಈಗಲೇ ಕೊಡಲಾ? ಸುಮ್ನೆ ಹುರಿದುಂಬಿಸಬೇಡಿ, ನಿಜ ಹೇಳಿ.

ಜಾವಗಲ್ ಮಣ್ಣು

ನಿಮ್ಮ ಪೋಸ್ಟ್ ನೋಡಿ ಖುಷಿಯಾಯ್ತು. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ನೆನಪಾದರು. ಹೇಮಾವತಿ ಅಣೆಕಟ್ಟಿಗೆ ಮನೆಯ ಜಮೀನು ಮುಳುಗಿತು. ಬದಲಿಗೆ ಜಾವಗಲ್ ಹತ್ತಿರ ಬರಡು ಜಮೀನು ಸಿಕ್ಕಿತು. ಸೇನೆ ಬಿಟ್ಟು ಬಂದು ಅಲ್ಲೇ ವ್ಯವಸಾಯ ಮಾಡಿದರು, ರೇಷ್ಮೆ ಬೆಳೆದರು. ಹೆಲಿಕಾಪ್ಟರ್ ಕಂಪನಿ ಶುರುವಾಗಿದ್ದು 1997ರಲ್ಲಿ, ಏರ್ ಡೆಕ್ಕನ್ 2003ರಲ್ಲಿ. ಎಲ್ಲರೂ ವಿಮಾನದ ಕತೆ ಹೇಳುತ್ತಾರೆ. ಅದಕ್ಕೆ ಮುಂಚೆ ಆ ಮಣ್ಣಿನಲ್ಲಿ ಕಳೆದ ವರ್ಷಗಳ ಬಗ್ಗೆ ಕೇಳುವವರು ಕಡಿಮೆ. ನೀವು ಆ ವರ್ಷಗಳಿಗೆ ರೆಡಿ ಇದ್ದೀರಾ ಅನ್ನುವುದೇ ಪ್ರಶ್ನೆ.

ಕಣದ ಕಾವಲು

ತಮ್ಮಾ, ನಿನ್ನೆ ರಾತ್ರಿ ನಿಮ್ಮ ಪೋಸ್ಟ್ ಓದಿದ ಮೇಲೆ ನಿದ್ದೆ ಹತ್ತಲಿಲ್ಲ. ಯಾಕೆಂದರೆ ನಾನು ಇದನ್ನೇ ಮಾಡಿದವನು. ಹನ್ನೊಂದು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, 2014ರ ಜೂನ್‌ನಲ್ಲಿ ಚಿಕ್ಕಮಗಳೂರಿನ ಐಜಿ ರಸ್ತೆಯಲ್ಲಿ ಒಂದು ಅಂಗಡಿ ಮೇಲಿನ ಎರಡು ರೂಮಿನಲ್ಲಿ ಕಂಪನಿ ಶುರು ಮಾಡಿದೆ. ತೋಟದ ಲೆಕ್ಕದ ಸಾಫ್ಟ್‌ವೇರೇ. ಜಾಸ್ತಿ ಅಂದಾಗ ಒಂಬತ್ತು ಜನ ಇದ್ದೆವು. 2021ರಲ್ಲಿ ಮುಚ್ಚಿದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಕೋಡ್ ನಮಗೆ ಕೈಕೊಡಲಿಲ್ಲ. ಕೈಕೊಟ್ಟಿದ್ದು ದುಡ್ಡು ಬರುವ ತಿಂಗಳು.

ನೀವೇ ಬೆಳೆಗಾರರ ಮನೆಯವರು, ನಿಮಗೆ ಹೇಳಬೇಕಾಗಿಲ್ಲ. ಆದರೂ ಒಂದು ಸಲ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ನವೆಂಬರ್‌ಗೆ ಅರೇಬಿಕಾ ಕುಯ್ಲು ಶುರು. ರೊಬಸ್ಟಾ ಮುಗಿಯುವಾಗ ಫೆಬ್ರವರಿ ದಾಟಿರುತ್ತದೆ. ಅಲ್ಲಿವರೆಗೆ ದುಡ್ಡು ಹೊರಗೆ ಹೋಗುವುದೇ, ಪ್ರತಿ ವಾರ ಬಟವಾಡೆ. ಆಮೇಲೆ ಕಣದಲ್ಲಿ ಒಣಗಬೇಕು, ಚೀಲ ತುಂಬಬೇಕು, ರೇಟು ನೋಡಿ ಕೊಡಬೇಕು. ಒಳಗೆ ಬಂದ ದುಡ್ಡು, ಗಿಡ ಹೂಬಿಡಲು ಬೇಕಾದ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್‌ ಡೀಸೆಲ್‌ಗೆ, ಮೇ ಜೂನ್‌ನಲ್ಲಿ ಗೊಬ್ಬರಕ್ಕೆ, ಶಾಲೆ ಫೀಸಿಗೆ. ಜುಲೈ ಬಂತೆಂದರೆ ಮಳೆ. ಆಗ ತೋಟದಲ್ಲಿ ಯಾರ ಕೈಯಲ್ಲೂ ದುಡ್ಡು ಓಡಾಡುವುದಿಲ್ಲ.

ನಾವು ನಿಮ್ಮ ಹಾಗೇ ಸಾಫ್ಟ್‌ವೇರ್‌ಗೆ ತಿಂಗಳ ಬಾಡಿಗೆ ಇಟ್ಟಿದ್ದೆವು. ಮೊದಲ ವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗೆ ವಸೂಲಾಗಿದ್ದು ಹತ್ತಿರ ಹತ್ತಿರ ಸೊನ್ನೆ. ಯಾರೂ ಕೊಡುವುದಿಲ್ಲ ಅನ್ನಲಿಲ್ಲ. ಕೂರಿಸಿ ಕಾಫಿ ಕೊಟ್ಟು, "ಕಾಫಿ ಮಾರಿದ ಮೇಲೆ ಒಟ್ಟಿಗೆ ಕೊಡ್ತೀನಿ ಕಣಪ್ಪ" ಅಂದರು. ಅವರು ಗೊಬ್ಬರದ ಅಂಗಡಿಗೂ ಹಾಗೇ ಹೇಳುವುದು, ಹಾಗೇ ಕೊಡುವುದು. ಅದು ಮೋಸ ಅಲ್ಲ, ಅಲ್ಲಿನ ಪದ್ಧತಿ. ಆದರೆ ನನ್ನ ಹುಡುಗರಿಗೆ ಸಂಬಳ ಒಂದನೇ ತಾರೀಕಿಗೇ ಆಗಬೇಕಿತ್ತು. ಕಾಫಿ ದುಡ್ಡು ಕೊಡುವುದು ವರ್ಷಕ್ಕೆ ಒಂದು ಸಲ, ಸಂಬಳ ವರ್ಷಕ್ಕೆ ಹನ್ನೆರಡು ಸಲ. ಇದು ನನಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು.

ಮೂರನೇ ವರ್ಷ ಬಿಲ್ ಮಾರ್ಚ್‌ಗೆ ಮಾಡಿದೆ. ವರ್ಷದ ದುಡ್ಡು ಒಂದೇ ಸಲ. ಅದು ಸರಿಯಾಯ್ತು, ದುಡ್ಡು ಬಂತು. ಏಪ್ರಿಲ್‌ನಲ್ಲಿ ಅಕೌಂಟ್ ನೋಡಿದಾಗ ಅಷ್ಟು ದುಡ್ಡು ಹಿಂದೆ ಯಾವತ್ತೂ ಇರಲಿಲ್ಲ. ಆ ಖುಷಿಯಲ್ಲಿ ಇನ್ನೂ ಮೂವರನ್ನು ಸೇರಿಸಿಕೊಂಡೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಆ ರಾಶಿ ಮುಂದಿನ ಮಾರ್ಚ್‌ವರೆಗೆ ಬರಬೇಕಿತ್ತು. ಅಕ್ಟೋಬರ್ ಸಂಬಳಕ್ಕೆ ಹೆಂಡತಿಯ ಬಳೆ ಅಡವಿಟ್ಟೆ. ಅವಳು ಒಂದು ಮಾತೂ ಆಡದೆ ತೆಗೆದುಕೊಟ್ಟಳು. ಅದನ್ನು ಈಗಲೂ ಮರೆಯಲು ಆಗಿಲ್ಲ.

ಇನ್ನು ನಿಮ್ಮ 200 ತೋಟ. ದೇಶದ ಕಾಫಿಯಲ್ಲಿ ಶೇ. 70ರಷ್ಟು ಕರ್ನಾಟಕದ್ದೇ, ನಿಜ. ಆದರೆ ದೇಶದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕಿಂತ ಜಾಸ್ತಿ 10 ಹೆಕ್ಟೇರ್‌ ಒಳಗಿನವು. ನಾಲ್ಕೈದು ಎಕರೆಯವರಿಗೆ ಹಾಜರಿ ಆಪ್ ಯಾಕೆ ಬೇಕು? ಎಂಟು ಜನ ಆಳು ಬರುತ್ತಾರೆ, ಹೆಸರು ಬಾಯಲ್ಲೇ ಇರುತ್ತದೆ. ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರನ್ನು ಇಟ್ಟಿರುವ ತೋಟಗಳೇ ನಿಮ್ಮ ಗಿರಾಕಿ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಅಂಥವು ಎಷ್ಟಿವೆ ಅಂತ ಹೆಸರು ಸಮೇತ ಒಂದು ಪುಸ್ತಕದಲ್ಲಿ ಬರೆಯಿರಿ. ಕೋಡ್‌ಗಿಂತ ಮೊದಲು ಆ ಪಟ್ಟಿ ಆಗಬೇಕು.

ರೈಟರ್ ಮಗ

ನಮ್ಮಪ್ಪ 31 ವರ್ಷ ಒಂದೇ ತೋಟದಲ್ಲಿ ರೈಟರ್ ಆಗಿದ್ದರು. ನಾನು ಈಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಆದ್ದರಿಂದ ಎರಡೂ ಕಡೆಯದು ಗೊತ್ತು.

ಕುಯ್ಲಿನ ಕಾಲದ ಸಂಜೆ ಹೇಗಿರುತ್ತದೆ ಹೇಳುತ್ತೇನೆ. ನಾಲ್ಕೂವರೆಗೆ ಕಣದ ಹತ್ತಿರ ಅರವತ್ತು ಜನ ಚೀಲ ಹೊತ್ತು ಸಾಲಾಗಿ ನಿಂತಿರುತ್ತಾರೆ. ತಕ್ಕಡಿ ಮರದ ಕೊಂಬೆಗೆ ನೇತುಹಾಕಿರುತ್ತದೆ. ಮೇಸ್ತ್ರಿ ತೂಕ ಕೂಗುತ್ತಾನೆ, ಅಪ್ಪ ಚೀಲದ ತೂಕ ಕಳೆದು ಬರೆಯುತ್ತಾರೆ. ಕತ್ತಲಾಗುವುದರೊಳಗೆ ಎಲ್ಲ ಮುಗಿಯಬೇಕು. ರಾತ್ರಿ ಊಟ ಆದಮೇಲೆ ಅದನ್ನೇ ಹಾಜರಿ, ಕೂಲಿ ಬರೆಯುವ ಪುಸ್ತಕಕ್ಕೆ, ಅಂದರೆ ಚೆಕ್‌ರೋಲ್‌ಗೆ ಇಳಿಸುತ್ತಿದ್ದರು. ಪೂರ್ತಿ ದಿನಕ್ಕೆ ನೆಟ್ಟಗೆ ಒಂದು ಗೀಟು, ಅರ್ಧ ದಿನಕ್ಕೆ ಓರೆ ಗೀಟು, ಮುಂಗಡ ಕೊಟ್ಟಿದ್ದರೆ ಕೆಂಪು ಇಂಕು. ಪುಸ್ತಕದಲ್ಲಿ ಮೂವರು ಲಕ್ಷ್ಮಿ ಇದ್ದರು. "ಲಕ್ಷ್ಮಿ ಮೇಲಿನ ಲೈನು", "ಲಕ್ಷ್ಮಿ ಅರಸೀಕೆರೆ", ಇನ್ನೊಬ್ಬರು ಬರೀ "ಲಕ್ಷ್ಮಮ್ಮ". ವಯಸ್ಸಾದವರು ಅಂತ ಹಾಗೆ.

ಒಂದು ವರ್ಷ ಯಾರೋ ಟ್ಯಾಬ್ ತಂದುಕೊಟ್ಟರು. ಅಪ್ಪನ ಕೈಯೆಲ್ಲ ಹಣ್ಣಿನ ಅಂಟು. ಒತ್ತಿದರೆ ಅದು ಹಿಡಿಯುತ್ತಲೇ ಇರಲಿಲ್ಲ. ಒಬ್ಬರ ತೂಕ ಹಾಕುವುದರೊಳಗೆ ಹಿಂದೆ ಐದು ಜನ ಗೊಣಗುತ್ತಿದ್ದರು. ಮೂರನೇ ದಿನ ಅಪ್ಪ ಅದನ್ನು ಮಾಲೀಕರ ಬಂಗಲೆಗೆ ವಾಪಸ್ ಕೊಟ್ಟು ಪುಸ್ತಕ ತೆಗೆದರು.

ಇನ್ನೊಂದು ಮಾತು. ಆಪ್ ಬಂದರೆ ತನ್ನ ಕೆಲಸ ಹೋಗುತ್ತದೆ ಅಂತ ಅಪ್ಪನಿಗೆ ಭಯ ಇತ್ತು. ಯಾರೂ ಅದರ ಬಗ್ಗೆ ಅವರ ಹತ್ತಿರ ಮಾತಾಡಲಿಲ್ಲ. ಮಾಲೀಕರಿಗೆ ತೋರಿಸಿ, ಮಾಲೀಕರಿಗೆ ಮಾರಿ ಹೋದರು. ಬಳಸಬೇಕಾದವರು ಅಪ್ಪ ಅಲ್ವಾ?

ಕಣದ ಕಾವಲು

ರೈಟರ್ ಮಗ ಅವರೇ, ನಿಮ್ಮ ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ನಮ್ಮ ಮೊದಲ ಆಪ್ ಕೂಡ ಹೀಗೇ ಸೋತಿತು. ಹೆಸರು ಹುಡುಕು, ಒತ್ತು, ತೋಟದ ಬ್ಲಾಕ್ ಆರಿಸು, ಒತ್ತು, ತೂಕ ಹಾಕು, ಸೇವ್ ಒತ್ತು. ನಾನೇ ಒಂದು ಸಂಜೆ ತಕ್ಕಡಿ ಪಕ್ಕ ನಿಂತು ಎಣಿಸಿದೆ. ಒಬ್ಬರಿಗೆ 14 ಸಲ ಒತ್ತಬೇಕಿತ್ತು. ಪೆನ್ನಿನಲ್ಲಿ ಒಂದು ಗೀಟು.

ಆಮೇಲೆ ಎಲ್ಲ ಕಿತ್ತುಹಾಕಿದೆವು. ಆಳಿಗೊಂದು ನಂಬರ್ ಕೊಟ್ಟೆವು, ಹಳೇ ಕೀಪ್ಯಾಡ್ ಇರುವ ಚಿಕ್ಕ ಯಂತ್ರ ಕೊಟ್ಟೆವು. ನಂಬರ್, ತೂಕ, ಅಷ್ಟೇ. ಉಳಿದಿದ್ದು ರಾತ್ರಿ ರೈಟರ್ ಮನೆಯಲ್ಲಿ ಕೂತು ನೋಡಿಕೊಳ್ಳುತ್ತಿದ್ದರು. ಅಲ್ಲಿಂದ ಜನ ಬಳಸಲು ಶುರು ಮಾಡಿದರು.

ಮಳೆ ಲೆಕ್ಕದಲ್ಲೂ ಹೀಗೇ. ನಾನು ಮಿಲಿಮೀಟರ್ ಇಟ್ಟಿದ್ದೆ. ನಮ್ಮ ಕಡೆ ತೋಟದವರು ಮಳೆ ಅಳೆಯುವುದು ಇಂಚು ಸೆಂಟ್ಸ್‌ನಲ್ಲಿ. "ರಾತ್ರಿ 40 ಸೆಂಟ್ಸ್ ಬಂತು" ಅನ್ನುತ್ತಾರೆ. ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ, 40 ಸೆಂಟ್ಸ್ ಅಂದರೆ ಸುಮಾರು 10 ಮಿಲಿಮೀಟರ್. ಒಬ್ಬ ಹಿರಿಯರು ತಮ್ಮ ತಂದೆ ಕಾಲದ ಮಳೆ ಪುಸ್ತಕ ತೆಗೆದು ತೋರಿಸಿ, "ಇದರ ಜೊತೆ ಹೋಲಿಸೋಕೆ ಆಗದಿದ್ರೆ ನಿನ್ನ ಲೆಕ್ಕ ನನಗ್ಯಾಕೆ?" ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಲೆಕ್ಕಪತ್ರ

ಹಾಸನದಲ್ಲಿ ಆಡಿಟ್ ಕೆಲಸ ಮಾಡುತ್ತೇನೆ. ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ.

ಪ್ರೈವೇಟ್ ಲಿಮಿಟೆಡ್‌ಗೆ ಇಬ್ಬರು ಡೈರೆಕ್ಟರ್ ಸಾಕು. ಆದರೆ ವ್ಯಾಪಾರ ಇಲ್ಲದಿದ್ದರೂ ವರ್ಷಾವರ್ಷ ರಿಟರ್ನ್ ಹಾಕಲೇಬೇಕು. ತಡವಾದರೆ ಒಂದೊಂದು ಫಾರ್ಮಿಗೆ ದಿನಕ್ಕೆ 100 ರೂಪಾಯಿ ದಂಡ. 200 ದಿನ ಮರೆತರೆ ಎರಡು ಫಾರ್ಮಿಗೆ 40,000. ಗಿರಾಕಿ ಸಿಗುವ ಮೊದಲೇ ಕಂಪನಿ ಮಾಡಿಸಿ ಈ ದಂಡ ಕಟ್ಟಿದ ಹುಡುಗರನ್ನು ತುಂಬ ನೋಡಿದ್ದೇನೆ, ಬೇಜಾರಾಗುತ್ತದೆ. ಸೇವೆ ಮಾರುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ದಾಟಿದ ಮೇಲೆ ಸಾಫ್ಟ್‌ವೇರ್‌ಗೆ ಶೇ. 18. ಜಿಎಸ್‌ಟಿ ನಂಬರ್ ಇಲ್ಲದ ಬೆಳೆಗಾರರಿಗೆ ಅದು ವಾಪಸ್ ಸಿಗುವುದಿಲ್ಲ, ಪೂರ್ತಿ ಖರ್ಚೇ. ರೇಟು ಇಡುವಾಗಲೇ ಇದನ್ನು ನೋಡಿಕೊಳ್ಳಿ.

ಹೊಸ ಕಂಪನಿಗಳಿಗಾಗಿ ಇರುವ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನ ಇದೆ, ಷೇರು ಬಿಟ್ಟುಕೊಡಬೇಕಾಗಿಲ್ಲ. ಅರ್ಜಿ ಹಾಕಿ. ಆದರೆ ಆ ದುಡ್ಡು ನಂಬಿಕೊಂಡು ಸಂಬಳದ ಲೆಕ್ಕ ಮಾಡಬೇಡಿ.

ಕೊನೆಗೆ, ಆ ಅರ್ಧ ಕೋಡ್ ಯಾವ ಲ್ಯಾಪ್‌ಟಾಪ್‌ನಲ್ಲಿ ಬರೆದಿದ್ದೀರಿ? ಆಫೀಸಿನದಾದರೆ ಇವತ್ತೇ ನಿಲ್ಲಿಸಿ. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದ ತೆಗೆದು ಓದಿ. ಬಿಡುವಿನಲ್ಲಿ ಬರೆದಿದ್ದೂ ಕಂಪನಿಯದ್ದೇ ಅಂತ ಕೆಲವು ಕಡೆ ಬರೆದಿರುತ್ತಾರೆ.

ತಣ್ಣೀರುಹಳ್ಳದ ಅಕ್ಕ

ಆಫೀಸು ಎಲ್ಲಿ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಆರು ಜನರ ಟೀಮ್ ನಡೆಸುತ್ತಿದ್ದೇನೆ, ಹೊರಗಿನ ಕಂಪನಿಗಳಿಗೆ ಟೆಸ್ಟಿಂಗ್ ಮತ್ತು ವೆಬ್ ಕೆಲಸ ಮಾಡಿಕೊಡುತ್ತೇವೆ. ಹಾಸನದಲ್ಲಿ ಜನ ಸಿಗಲ್ಲ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1960ರಲ್ಲಿ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇಲ್ಲೇ ಕೂತು ಉಪಗ್ರಹ ನೋಡಿಕೊಳ್ಳುತ್ತಿದೆ. ಈ ಊರಿಗೆ ತಾಂತ್ರಿಕ ಕೆಲಸ ಹೊಸದಲ್ಲ.

ಹೊಸದಾಗಿ ಪಾಸಾದವರು ಬೆಂಗಳೂರಿಗೆ ಹೋಗೇ ಹೋಗುತ್ತಾರೆ, ತಡೆಯಬೇಡಿ. ವಾಪಸ್ ಬಂದವರನ್ನು ಹುಡುಕಿ. ನನ್ನ ಆರು ಜನರಲ್ಲಿ ನಾಲ್ವರು ಹೆಣ್ಣುಮಕ್ಕಳು. ಐದಾರು ವರ್ಷ ಬೆಂಗಳೂರಲ್ಲಿ ಕೆಲಸ ಮಾಡಿ, ಮದುವೆಯಾಗಿ, ಮಗು ಆದಮೇಲೆ ಇಲ್ಲಿಗೆ ಬಂದವರು. ಕೆಲಸ ಬಲ್ಲವರು. ಇಲ್ಲಿ ಅವರಿಗೆ ಕೆಲಸ ಕೊಡುವವರೇ ಇರಲಿಲ್ಲ. ಮೂರೂವರೆಗೆ ಶಾಲೆ ಬಿಡುವ ಹೊತ್ತಿಗೆ ಹೋಗಿಬರಲು ಬಿಟ್ಟರೆ ರಾತ್ರಿ ಕೂತು ಮುಗಿಸಿಕೊಡುತ್ತಾರೆ. ನಾಲ್ಕು ವರ್ಷದಲ್ಲಿ ಒಬ್ಬರೂ ಬಿಟ್ಟು ಹೋಗಿಲ್ಲ. 2017ರಲ್ಲಿ ಕುಣಿಗಲ್ ಕಡೆಯಿಂದ ರೈಲು ಶುರುವಾದ ಮೇಲೆ ಬೆಂಗಳೂರಿಗೆ ಬೆಳಗ್ಗೆ ಹೋಗಿ ರಾತ್ರಿ ಬರಲು ಆಗುತ್ತದೆ.

ಮತ್ತೆ, ರಾಜೀನಾಮೆ ಕೊಡುವ ಮೊದಲೇ ಮನೆಯವರಿಗೆಲ್ಲ ಸೇರಿಸಿ ಒಂದು ಆರೋಗ್ಯ ವಿಮೆ ಮಾಡಿಸಿ. ಕಂಪನಿ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಅಪ್ಪ ಅಮ್ಮನಿಗೆ ಮೊದಲೇ ಇರುವ ಕಾಯಿಲೆಗಳಿಗೆ ಹೊಸ ಪಾಲಿಸಿಯಲ್ಲಿ ಮೂರು ವರ್ಷದವರೆಗೂ ಕಾಯಬೇಕಾಗಬಹುದು.

ಬೇಲೂರು ಬಸ್

ಎಲ್ಲರೂ ಹೆದರಿಸುತ್ತಿದ್ದೀರಲ್ಲ! 1981ರಲ್ಲಿ ಇನ್ಫೋಸಿಸ್ ಶುರು ಮಾಡಿದ ಏಳು ಜನರ ಹತ್ತಿರ ಇದ್ದಿದ್ದು 10,000 ರೂಪಾಯಿ. ಇವರ ಹತ್ತಿರ 14 ಲಕ್ಷ ಇದೆ. ವಯಸ್ಸಿದೆ, ಕೆಲಸ ಗೊತ್ತಿದೆ. ಈಗ ಬಿಡದಿದ್ದರೆ ಇನ್ಯಾವಾಗ?

ಕಣದ ಕಾವಲು

ಬೇಲೂರು ಬಸ್ ಅವರೇ, ಹೆದರಿಸುತ್ತಿಲ್ಲ. ಅದೇ ಇನ್ಫೋಸಿಸ್ ಷೇರು ಮಾರುಕಟ್ಟೆಗೆ ಬಂದಿದ್ದು 1993ರಲ್ಲಿ, ಹನ್ನೆರಡು ವರ್ಷ ಆದಮೇಲೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ ಆದ, ಕಾಫಿ ಡೇ ಕಟ್ಟಿದ ಸಿದ್ಧಾರ್ಥ ಅವರನ್ನು ನೋಡಿ. 1996ರಲ್ಲಿ ಬ್ರಿಗೇಡ್ ರಸ್ತೆಯ ಮೊದಲ ಕಾಫಿ ಡೇಯಲ್ಲಿ ಕಾಫಿ ಜೊತೆ ಇಂಟರ್ನೆಟ್ ಇಟ್ಟವರು ಅವರು. 1999ರಲ್ಲಿ ಮೈಂಡ್‌ಟ್ರೀ ಅನ್ನುವ ಸಾಫ್ಟ್‌ವೇರ್ ಕಂಪನಿ ಶುರುವಾದಾಗ ದುಡ್ಡು ಹಾಕಿದರು. ಆ ಪಾಲನ್ನು ಮಾರಿದ್ದು 2019ರಲ್ಲಿ, ಸುಮಾರು 3,200 ಕೋಟಿಗೆ. ಇಪ್ಪತ್ತು ವರ್ಷ. ನಾನು ಕೇಳುವುದು ಇಷ್ಟೇ: ಅಷ್ಟು ವರ್ಷ ಕಾಯಲು ಮನೆ ನಡೆಯುವ ದಾರಿ ಮೊದಲು ಇರಲಿ. ಅದು ಇದ್ದರೆ ಧೈರ್ಯ ತಾನಾಗಿ ಇರುತ್ತದೆ.

ಹೇಮಾವತಿ ದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಲ್ಯಾಪ್‌ಟಾಪ್ ನನ್ನದೇ. ಕಾಗದ ತೆಗೆದು ಓದಿದೆ, ಒಂದು ಸಾಲಿನ ಬಗ್ಗೆ ವಕೀಲರನ್ನು ಕೇಳುತ್ತೇನೆ. ಕಣದ ಕಾವಲು ಅಣ್ಣಾ, ಎರಡು ಪ್ರಶ್ನೆ. ನೆಟ್‌ವರ್ಕ್ ಇಲ್ಲದ ಕಡೆ ಏನು ಮಾಡಿದಿರಿ? ಮತ್ತೆ ಪಾರ್ಟ್ನರ್ ವಿಷಯದಲ್ಲಿ ಏನೂ ಹೇಳಲಿಲ್ಲ.

ಕಣದ ಕಾವಲು

ನೆಟ್‌ವರ್ಕ್ ಇಲ್ಲ ಅಂತಲೇ ಅಂದುಕೊಂಡು ಬರೆಯಿರಿ. ಎಲ್ಲ ಮೊದಲು ಯಂತ್ರದೊಳಗೇ ಉಳಿಯಬೇಕು, ಬಂಗಲೆ ಹತ್ತಿರ ಸಿಗ್ನಲ್ ಸಿಕ್ಕಾಗ ಹೋಗಬೇಕು. ಇಲ್ಲಿ ನಾವು ಒಂದು ಏಟು ತಿಂದೆವು. ಸಿಗ್ನಲ್ ಅರ್ಧಕ್ಕೆ ಕಡಿದುಹೋಯ್ತು. ಸರ್ವರ್‌ಗೆ ಲೆಕ್ಕ ತಲುಪಿತ್ತು, ತಲುಪಿದೆ ಅನ್ನುವ ಉತ್ತರ ಯಂತ್ರಕ್ಕೆ ವಾಪಸ್ ಬರಲಿಲ್ಲ. ಯಂತ್ರ ಮತ್ತೆ ಕಳಿಸಿತು. ಆ ವಾರ 11 ಜನಕ್ಕೆ ಕೂಲಿ ಎರಡು ಪಟ್ಟು ಬಂತು. ಬಟವಾಡೆಗೆ ಮುಂಚೆ ರೈಟರ್ ಕಣ್ಣಿಗೆ ಬಿತ್ತು, ಅವರು ತಮ್ಮ ಚಿಕ್ಕ ಪುಸ್ತಕ ಬಿಟ್ಟಿರಲಿಲ್ಲ. ಆಮೇಲೆ ಪ್ರತಿ ತೂಕಕ್ಕೂ ಯಂತ್ರದಲ್ಲೇ ಒಂದು ಬೇರೆ ಗುರುತಿನ ನಂಬರ್ ಹುಟ್ಟುವ ಹಾಗೆ ಮಾಡಿದೆವು. ಅದೇ ನಂಬರ್ ಎರಡನೇ ಸಲ ಬಂದರೆ ಸರ್ವರ್ ಸುಮ್ಮನೆ ಬಿಟ್ಟುಬಿಡುತ್ತದೆ. ಬ್ಯಾಕೆಂಡ್‌ನವರು ನೀವು, ಇದು ನಿಮಗೆ ಗೊತ್ತು. ಆದರೆ ಇಲ್ಲಿ ತಪ್ಪಾದರೆ ಹೋಗುವುದು ಒಬ್ಬರ ವಾರದ ಕೂಲಿ, ಅದನ್ನು ಮನಸ್ಸಲ್ಲಿಟ್ಟು ಬರೆಯಿರಿ.

ಪಾರ್ಟ್ನರ್ ವಿಷಯ ಬರೆಯಲು ಕಷ್ಟ. ನಾವಿಬ್ಬರು ಹಾಸ್ಟೆಲ್‌ನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ಅದಕ್ಕೇ ಕಾಗದ ಮಾಡಲಿಲ್ಲ, ನೇರ 60–40 ಷೇರು. ಎಂಟನೇ ತಿಂಗಳಿಗೆ ಅವನಿಗೆ ವಿದೇಶದ ಕೆಲಸ ಸಿಕ್ಕಿತು, ಹೋದ. ಅವನ ತಪ್ಪು ಅನ್ನುವುದಿಲ್ಲ, ಮನೆ ಕಷ್ಟ ಹಾಗಿತ್ತು. ಆದರೆ 40 ಪಾಲು ಅವನ ಹೆಸರಲ್ಲೇ ಉಳಿಯಿತು. ಮುಂದೆ ದುಡ್ಡು ಹಾಕಲು ಬಂದ ಇಬ್ಬರು ಇದನ್ನು ನೋಡಿಯೇ ಹಿಂದೆ ಸರಿದರು. ಷೇರು ಒಂದೇ ದಿನಕ್ಕೆ ಪಕ್ಕಾ ಆಗಬಾರದು. ನಾಲ್ಕು ವರ್ಷಕ್ಕೆ ಹಂಚಿ, ಮೊದಲ ವರ್ಷ ಮುಗಿಸದೆ ಹೋದರೆ ಏನೂ ಇಲ್ಲ ಅಂತ ಬರೆಸಿ. ಇದಕ್ಕೇ ವೆಸ್ಟಿಂಗ್ ಅನ್ನುವುದು. ಗೆಳೆತನ ಉಳಿಯಬೇಕೆಂದರೆ ಬರೆಸಿ. ನಾವಿಬ್ಬರು ಈಗ ಫೋನ್ ಮಾಡುವುದಿಲ್ಲ.

ರಾಜೀನಾಮೆ ಈಗ ಬೇಡ. ಒಂದು ಕುಯ್ಲು ಪೂರ್ತಿ, ರಜೆ ಹಾಕಿಕೊಂಡಾದರೂ, ಮೂರು ತೋಟದಲ್ಲಿ ಪುಕ್ಕಟೆ ನಡೆಸಿ. ಮಾರ್ಚ್‌ನಲ್ಲಿ ಹೋಗಿ ಮುಂದಿನ ವರ್ಷದ ದುಡ್ಡು ಕೇಳಿ. ಕೈಗೆ ಚೆಕ್ ಬಂದರೆ ಆಗ ಬಿಡಿ. ಬೇಕಾದರೆ ನನ್ನ ಹಳೇ ವಸೂಲಿ ಪುಸ್ತಕ ತೋರಿಸುತ್ತೇನೆ. ಯಾವ ತಿಂಗಳು ಎಷ್ಟು ಬಂತು ಅಂತ ಏಳು ವರ್ಷದ್ದೂ ಇದೆ.

ಹೇಮಾವತಿ ದಂಡೆ (ಐದು ವಾರದ ನಂತರ)

ಹೇಳಿ ಹೋಗಬೇಕು ಅಂತ ಬಂದೆ. ಕಣದ ಕಾವಲು ಅಣ್ಣನ ಮನೆಗೆ ಹೋಗಿದ್ದೆ. ವಸೂಲಿ ಪುಸ್ತಕ ನೋಡಿದೆ. ಆಗಸ್ಟ್ ಹಾಳೆ ಏಳು ವರ್ಷವೂ ಹತ್ತಿರ ಹತ್ತಿರ ಖಾಲಿ. ಅದನ್ನು ನೋಡಿದ ಮೇಲೆ ತಿಂಗಳ 999 ತೆಗೆದುಹಾಕಿದೆ.

ಆಮೇಲೆ ನಮ್ಮ ಊರಿನ ಪಕ್ಕದ ತೋಟದಲ್ಲಿ ಮೂರು ಸಂಜೆ ರೈಟರ್ ಪಕ್ಕ ಕೂತೆ. ಫೋನ್ ತೆಗೆಯಲೇ ಇಲ್ಲ. ಎರಡನೇ ದಿನ ಅವರೇ ಪುಸ್ತಕ ನನ್ನ ಕಡೆ ತಿರುಗಿಸಿ, ಹಿಂದಿನ ವರ್ಷದ ಮುಂಗಡ ಈ ವರ್ಷದ ಹಾಳೆಗೆ ತಂದು ಹಾಕುವುದೇ ತಮಗೆ ದೊಡ್ಡ ತಲೆನೋವು ಅಂದರು. ಕೆಂಪು ಇಂಕಿನ ಸಾಲುಗಳನ್ನೆಲ್ಲ ಕೂಡಬೇಕು. ಎರಡು ರಾತ್ರಿ ಹಿಡಿಯುತ್ತದಂತೆ. ನನ್ನ ಆಪ್‌ನಲ್ಲಿ ಮುಂಗಡಕ್ಕೆ ಜಾಗವೇ ಇರಲಿಲ್ಲ.

ಗೆಳೆಯನ ಹತ್ತಿರ ವೆಸ್ಟಿಂಗ್ ಮಾತು ಎತ್ತಿದೆ. ಮೊದಲು ಮುಖ ಸಣ್ಣಗೆ ಮಾಡಿಕೊಂಡ, ಎರಡು ದಿನ ಬಿಟ್ಟು ತಾನೇ ಕರಡು ಕಳಿಸಿದ. ತಣ್ಣೀರುಹಳ್ಳದ ಅಕ್ಕಾ, ವಿಮೆ ಮಾಡಿಸಿದೆ. ಕೆಲಸ ಬಿಟ್ಟಿಲ್ಲ. ಡಿಸೆಂಬರ್‌ನಲ್ಲಿ ಇಪ್ಪತ್ತು ದಿನ ರಜೆ ಹಾಕಿದ್ದೇನೆ. ತೋಟ ಸದ್ಯಕ್ಕೆ ಎರಡೇ ಒಪ್ಪಿವೆ. ಮೂರನೆಯದು ಹುಡುಕುತ್ತಿದ್ದೇನೆ, ಆಲೂರು ಕಡೆ ಯಾರಾದರೂ ಇದ್ದರೆ ತಿಳಿಸಿ.

ರೈಟರ್ ಮಗ

ಆಲೂರು ಕಡೆ ಅಪ್ಪನ ಜೊತೆ ಕೆಲಸ ಮಾಡಿದವರೊಬ್ಬರು ಇನ್ನೂ ರೈಟರ್ ಆಗಿದ್ದಾರೆ. ಅಪ್ಪನೇ ನಿಮ್ಮನ್ನು ಕರೆದುಕೊಂಡು ಹೋಗುತ್ತಾರಂತೆ. ಮೆಸೇಜ್ ಕಳಿಸಿದ್ದೇನೆ, ನೋಡಿ.